ಬಿದನೂರಿನ ಗದ್ದುಗೆ, ಇಕ್ಕೇರಿಯ ಅಳತೆಕೋಲು

ವರದಾ ನದಿ ಹುಟ್ಟುವ ವರದಮೂಲಕ್ಕೆ ಸಮೀಪದ ಇಕ್ಕೇರಿ, ಸಾಗರದ ಇನ್ನೊಂದು ಮಗ್ಗುಲಿನ ಕೆಳದಿ, ಹೊಸನಗರ ತಾಲ್ಲೂಕಿನ ನಗರ, ಈ ಮೂರೂ ಒಂದೇ ಅರಸುಮನೆತನದ ರಾಜಧಾನಿಗಳಾಗಿದ್ದ ಊರುಗಳು. ವಿಜಯನಗರದ ಸಾಮಂತರಾಗಿ ತಲೆಯೆತ್ತಿದ ಕೆಳದಿ ನಾಯಕರು ಮೊದಲು ಕೆಳದಿಯಿಂದ ಇಕ್ಕೇರಿಗೂ, ಬಿಜಾಪುರದ ದಾಳಿಯಿಂದ ಇಕ್ಕೇರಿ ನಲುಗಿದ ಮೇಲೆ ವೀರಭದ್ರನಾಯಕನ ಕಾಲದಲ್ಲಿ ಘಟ್ಟದ ಅಂಚಿನ ಬಿದನೂರಿಗೂ ಸರಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅದನ್ನು ಹೈದರನಗರವೆಂದು ಕರೆದನಾಗಿ, ಆ ಹೆಸರಿನ ಬಾಲವಷ್ಟೇ ಉಳಿದು ಊರು ಇಂದು ನಗರವೆನಿಸಿಕೊಂಡಿದೆ.

ಕೊಲ್ಲೂರು, ಕೊಡಚಾದ್ರಿಗಳ ದಾರಿಯಲ್ಲಿ ಸಾಗುವ ಪ್ರವಾಸಿಗರು ಇಲ್ಲಿನ ಕೋಟೆಯನ್ನು ಹತ್ತಿ, ದರ್ಬಾರಿನ ಅಡಿಪಾಯವನ್ನೂ ಅಕ್ಕತಂಗಿಯರ ಕೊಳವನ್ನೂ ನೋಡಿ ಮುಂದುವರಿಯುವುದೇ ಹೆಚ್ಚು. ಊರಿನ ಸಮೀಪದ ಕೊಪ್ಪಲು ಮಠದವರೆಗೆ ಹೋಗುವವರು ವಿರಳ. ಮನೆತನದ ಅತ್ಯಂತ ಸಮರ್ಥ ದೊರೆಯಾದ, 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಗದ್ದುಗೆಯನ್ನು ಊರಿನ ನೆನಪು ಅಲ್ಲಿ ಗುರುತಿಸುತ್ತದೆ. ಔರಂಗಜೇಬನ ಸೈನ್ಯಕ್ಕೆ ಹೆದರದೆ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ರಾಣಿ ಚೆನ್ನಮ್ಮಾಜಿಯ ಹೆಸರೂ ಅದೇ ನೆಲದೊಡನೆ ಸೇರಿಕೊಂಡಿದೆ. ವೀರಶೈವರಲ್ಲಿ ಮೃತರನ್ನು ದಹಿಸದೆ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕುಳಿತ ಭಂಗಿಯಲ್ಲಿ ಮಣ್ಣು ಮಾಡಿ, ಪೂಜ್ಯರಾದವರಿಗೆ ಅದರ ಮೇಲೆ ಕಟ್ಟುವ ಪೀಠವನ್ನು ಗದ್ದುಗೆ ಎನ್ನುತ್ತಾರೆ. ಇದೇ ಮನೆತನದ ಕವಲೆಂದು ಹೇಳಲಾಗುವ ಹಾಲೇರಿ ಅರಸರಿಗೆ ಮಡಿಕೇರಿಯಲ್ಲಿ ಗುಮ್ಮಟಗಳ ಭವ್ಯ ಗದ್ದುಗೆಗಳಿದ್ದರೆ, ಮೂಲಮನೆಯ ದೊರೆಗೆ ಬಿದನೂರಿನಲ್ಲಿ ಅಂತಹ ವೈಭವವಿಲ್ಲ.

ದೊರೆಯ ಸಮಾಧಿಯನ್ನು ಜತನದಿಂದ ಉಳಿಸಿಕೊಂಡ ಉದಾಹರಣೆ ದೂರದ ನಾಡಿನಲ್ಲೊಂದಿದೆ. ಶಿವಪ್ಪನಾಯಕನಿಗಿಂತ ತುಸು ಮೊದಲು, 1636ರಲ್ಲಿ ತೀರಿಕೊಂಡ ಜಪಾನಿನ ಸಮುರಾಯ್ ದೊರೆ ದಾತೆ ಮಸಮುನೆಗೆ ಸೆಂದಾಯ್ ನಗರದ ಮರಗಳ ಗುಡ್ಡದ ಮೇಲೆ ಕಟ್ಟಿದ ಜುಯಿಹೊದೆನ್ ಸಮಾಧಿಮಂದಿರವು 1945ರ ಬಾಂಬುದಾಳಿಯಲ್ಲಿ ಸುಟ್ಟುಹೋದಾಗ, ಅಲ್ಲಿಯ ಜನ ಅದನ್ನು ಹಾಗೆಯೇ ಬಿಡದೆ 1979ರಲ್ಲಿ ಮೊದಲಿನಂತೆ ಮರಳಿ ಕಟ್ಟಿದರು. ಬಿದನೂರಿಗೆ ಅಷ್ಟು ದೊಡ್ಡ ಕಾರ್ಯವೇನೂ ಬೇಕಿಲ್ಲ. ಮಲೆನಾಡಿನ ಮಳೆಗೆ ವರ್ಷವರ್ಷವೂ ಮೇಲೇಳುವ ಪೊದೆಯನ್ನು ಸವರಿ, ಇಲ್ಲಿ ಮಲಗಿರುವವರು ಯಾರೆಂದು ತಿಳಿಸುವ ವ್ಯವಸ್ಥೆಯಿದ್ದರೂ ಸಾಕಾಗುತ್ತದೆ.

ಶಿವಪ್ಪನಾಯಕನ ನಿಜವಾದ ಹಿರಿಮೆ ತಿಳಿಯಬೇಕಾದರೆ ಗದ್ದುಗೆಯಿಂದ ಇಕ್ಕೇರಿಗೆ ಹಿಂದಿರುಗಬೇಕು. ಅಲ್ಲಿನ ಅಘೋರೇಶ್ವರ ದೇವಾಲಯದ ನೆಲಹಾಸಿನಲ್ಲಿ ದೇವರಿಗೆ ಅಡ್ಡಬಿದ್ದ ನಾಯಕರ ಮೂರು ಉಬ್ಬುಚಿತ್ರಗಳಿವೆ. ಬಂದವರೆಲ್ಲ ಕುತೂಹಲದಿಂದ ನೋಡುವುದು ಅವುಗಳನ್ನೇ. ಆದರೆ ಅದಕ್ಕಿಂತ ಅಪೂರ್ವವಾದುದು ಅಲ್ಲಿಯ ನಡುಗಂಬಗಳ ಅಂತರ. ಸುಮಾರು 18 ಅಡಿ 6 ಅಂಗುಲದ ಆ ಅಂತರವನ್ನೇ ಅಡಿಕೆ ತೋಟಗಳ ಅಳತೆಗೆ ಮಾನವಾಗಿ ಇಟ್ಟುಕೊಂಡು, ಅಷ್ಟೇ ಉದ್ದದ ಕೋಲಿನಿಂದ ಅಳೆದ ಜಾಗವನ್ನು ದಾಯವೆಂದು ಕರೆಯುತ್ತಿದ್ದರೆಂದು ಹಳೆಯ ಗೆಜೆಟಿಯರ್ ದಾಖಲಿಸುತ್ತದೆ. ಮರದ ಕೋಲು ಸವೆಯಬಹುದು, ಅಳೆಯುವವನ ಕೈ ಗಿಡ್ಡವಾಗಬಹುದು. ದೇವರ ಮುಂದಿನ ಕಲ್ಲುಕಂಬಗಳನ್ನು ಯಾವ ಶಾನುಭೋಗನೂ ಹತ್ತಿರ ಸರಿಸಲಾರ, ದೂರ ತಳ್ಳಲಾರ. ತೆರಿಗೆ ಕಟ್ಟುವ ರೈತನು ಅನುಮಾನ ಬಂದಾಗ ತಾನೇ ಹೋಗಿ ನೋಡಬಹುದಾದ ಸ್ಥಳದಲ್ಲಿ ಅಳತೆಯನ್ನು ಇರಿಸಿದ ಈ ಏರ್ಪಾಡು ಆಡಳಿತದ ಇತಿಹಾಸದಲ್ಲಿ ಎತ್ತಿ ಹೇಳಬೇಕಾದ ಸಂಗತಿ.

ಗದ್ದೆಗಳ ವಿಷಯದಲ್ಲಿ ಅವನು ಇನ್ನೂ ತಾಳ್ಮೆಯ ದಾರಿ ಹಿಡಿದನು. ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಯಿಂದ ಒಂದೊಂದು ಗದ್ದೆಯನ್ನು ಆರಿಸಿ, ಅದನ್ನು ಸರ್ಕಾರದ ಪರವಾಗಿಯೇ 12 ವರ್ಷ ಸಾಗುವಳಿ ಮಾಡಿಸಿ, ಹಾಕಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆ ಇವೆಲ್ಲವನ್ನೂ ಬರೆಸಿ, ಇಳುವರಿ ಮತ್ತು ಧಾರಣೆಗಳ ಸರಾಸರಿ ತೆಗೆದ ಮೇಲೆಯೇ ಉತ್ಪನ್ನದ ಮೂರನೆಯ ಒಂದು ಪಾಲನ್ನು ಅರಮನೆಯ ಭಾಗವೆಂದು ಗೊತ್ತುಮಾಡಲಾಯಿತು. ಹೀಗೆ ನಿಗದಿಯಾದ ಕಂದಾಯವೇ ಶಿಸ್ತು. ‘ಶಿಸ್ತಿನ ಶಿವಪ್ಪನಾಯಕ’ ಎಂಬ ಜನರ ಮಾತು ಹುಟ್ಟಿದ್ದು ಇದರಿಂದ. ಒಳ್ಳೆಯ ಮಳೆಯ ವರ್ಷವೊಂದನ್ನು ನೋಡಿ ತೆರಿಗೆ ಏರಿಸುವುದು ಯಾವ ದೊರೆಗಾದರೂ ಸುಲಭವಾಗಿತ್ತು. ಬರವನ್ನೂ ಬೆಳೆನಷ್ಟವನ್ನೂ ಲೆಕ್ಕಕ್ಕೆ ತಂದುಕೊಳ್ಳುವಷ್ಟು ಕಾದದ್ದು ಸಾಮಾನ್ಯ ಸಂಯಮವಲ್ಲ.

ಅವನ ಯುದ್ಧಗಳೂ, ಆಶ್ರಯ ಬೇಡಿ ಬಂದ ವಿಜಯನಗರದ ಶ್ರೀರಂಗರಾಯನಿಗೆ ಅವನು ನೀಡಿದ ನೆರವೂ, ಶ್ರೀರಂಗಪಟ್ಟಣದ ಮುತ್ತಿಗೆಯೂ ಗ್ರಂಥಗಳಲ್ಲಿ ಸಾಕಷ್ಟು ಬಂದಿವೆ. ಅವನ ನೆನಪಿಗೆ ಶಿವಮೊಗ್ಗೆಯಲ್ಲಿ ಅರಮನೆಯ ವಸ್ತುಸಂಗ್ರಹಾಲಯವಿದೆ. ಅವನು ಓಡಾಡಿದ ಸೀಮೆಯಾದರೋ ಲಿಂಗನಮಕ್ಕಿ, ಮಾಣಿ, ಚಕ್ರಾ, ಸಾವೆಹಕ್ಲು ಜಲಾಶಯಗಳಿಗೆ ಗದ್ದೆ ತೋಟಗಳನ್ನು ಒಪ್ಪಿಸಿದ ಸೀಮೆ; ಶಿಸ್ತು ಕಟ್ಟಿದ ಎಷ್ಟೋ ಹಿಡುವಳಿಗಳು ನೀರಿನಡಿ ಸೇರಿ, ಅವುಗಳ ಕಥೆ ಹೇಳಬಲ್ಲ ಕುಟುಂಬಗಳು ಚದುರಿಹೋದವು. ಗದ್ದುಗೆಯ ದಾರಿ ಮಸುಕಾಗಲು ಇದೂ ಒಂದು ಕಾರಣವಿರಬೇಕು.

ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಈಗ ಕೆಳದಿ ಶಿವಪ್ಪನಾಯಕನ ಹೆಸರನ್ನಿಟ್ಟಿರುವುದು ಬಹಳ ಉಚಿತವಾಗಿದೆ. ಮಣ್ಣಿನ ಗುಣವನ್ನೂ ಇಳುವರಿಯ ದಾಖಲೆಯನ್ನೂ ಕಲಿಯಲು ಅಲ್ಲಿಗೆ ಬರುವ ತರುಣರನ್ನು ಮೊದಲ ವರ್ಷದಲ್ಲಿಯೇ ಇಕ್ಕೇರಿಯ ಕಂಬಗಳ ನಡುವೆ ಒಮ್ಮೆ ನಿಲ್ಲಿಸಿ, ಅಲ್ಲಿಂದ ಬಿದನೂರಿನ ಗದ್ದುಗೆಗೆ ಕರೆದೊಯ್ಯುವ ಪದ್ಧತಿಯೊಂದು ಬೆಳೆದರೆ, ಕೊಪ್ಪಲು ಮಠದ ದಾರಿ ಕೇಳಿದವರಿಗೆ ತೋರಿಸಬಲ್ಲವರು ಇನ್ನೊಂದು ತಲೆಮಾರಿನವರೆಗಾದರೂ ಉಳಿದಾರು.