ನಿಮಗಿದು ಗೊತ್ತೇ? ಕೇಳುವ ಹಾಡಲ್ಲ, ಆಡುವ ಹಾಡು

ಬಳ್ಳಾರಿಯ ಕಂಟೋನ್ಮೆಂಟ್ ನಿಲ್ದಾಣದಲ್ಲಿ ರೈಲಿಗೆ ಕಾಯುವ ಹುಡುಗರ ಮೊಬೈಲಿನಿಂದ ಹೆಚ್ಚಾಗಿ ಕೇಳಿಬರುವುದು ಗುಂಡಿನ ಸದ್ದು. ಹೊಡಿ, ಓಡು, ಗೆಲ್ಲು. ವಿಡಿಯೊ ಗೇಮ್ ಎಂದರೆ ಇಷ್ಟೇ ಎಂದುಕೊಂಡವರೇ ಬಹಳ. ಆದರೆ ಒಂದು ಸಂಗೀತದ ಆಲ್ಬಮ್ಮನ್ನೇ ಬೆನ್ನೆಲುಬಾಗಿ ಇಟ್ಟುಕೊಂಡು, ಮನಸ್ಸು ಹಗುರಾಗಲೆಂದೇ ಕಟ್ಟಿದ ಗೇಮ್‌ಗಳೂ ಇವೆ. ನಿಮಗಿದು ಗೊತ್ತೇ?

ಸ್ವೀಡನ್ನಿನ ಮಾಲ್ಮೊ ಊರಿನ ಸಿಮೊಗೊ ಎಂಬ ಪುಟ್ಟ ಸಂಸ್ಥೆ 2019ರಲ್ಲಿ ‘ಸಯೊನಾರಾ ವೈಲ್ಡ್ ಹಾರ್ಟ್ಸ್’ ತಂದಿತು. ಪ್ರೀತಿ ಮುರಿದು ನೊಂದ ಹುಡುಗಿಯೊಬ್ಬಳ ಕಥೆ, 23 ಹಂತ. ಒಂದೇ ಕಡೆ ಮತ್ತೆ ಮತ್ತೆ ಎಡವಿದರೆ, ಆ ಭಾಗ ದಾಟಿ ಮುಂದೆ ಹೋಗುತ್ತೀರಾ ಎಂದು ಗೇಮೇ ಕೇಳುತ್ತದೆ. ಪೂರ್ತಿ ಆಡಿ ಮುಗಿಸಿದವರಿಗೆ ‘ಆಲ್ಬಂ ಆರ್ಕೇಡ್’ ತೆರೆದುಕೊಳ್ಳುತ್ತದೆ: ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಎಲ್ಲೂ ನಿಲ್ಲದೆ ಸುಮಾರು ಒಂದು ಗಂಟೆ. ಧ್ವನಿಸುರುಳಿಯ ಎರಡೂ ಬದಿ ಕೇಳಿದಷ್ಟು ಹೊತ್ತು!

ಇಂಗ್ಲೆಂಡಿನ ರೇಡಿಯೊಹೆಡ್ ತಂಡ ತನ್ನ ‘ಕಿಡ್ ಎ’ (2000), ‘ಆಮ್ನೀಸಿಯಾಕ್’ (2001) ಆಲ್ಬಂಗಳ ನೆನಪಿಗೆ ಲಂಡನ್ನಿನಲ್ಲಿ ನಿಜವಾದ ಪ್ರದರ್ಶನವನ್ನೇ ಕಟ್ಟಲು ಹೊರಟಿತ್ತು. ಜಾಗದ ಅನುಮತಿ ಸಿಗಲಿಲ್ಲ, ಮೇಲೆ ಕೋವಿಡ್ ಬಂತು. ಆ ಪ್ರದರ್ಶನವೇ 2021ರ ನವೆಂಬರಿನಲ್ಲಿ ಉಚಿತ ಗೇಮ್ ಆಗಿ ಹೊರಬಂತು. ಅದರಲ್ಲಿ ಶತ್ರುಗಳಿಲ್ಲ, ಅಂಕಗಳಿಲ್ಲ. ನಡೆಯುವುದು, ನೋಡುವುದು, ಕೇಳುವುದು.

2013ರ ‘ಪ್ರೋಟಿಯಸ್’ ಇನ್ನೂ ಸರಳ. ಎಡ್ ಕೀ, ಡೇವಿಡ್ ಕನಾಗಾ ಇಬ್ಬರೇ ಮಾಡಿದ್ದು. ಒಂದು ದ್ವೀಪ, ನಾಲ್ಕು ಋತು. ಗಿಡ, ಕಪ್ಪೆ, ಮಳೆ, ಎಲ್ಲಕ್ಕೂ ಅದರದರ ಸ್ವರ. ನೀವು ನಡೆದ ದಾರಿಯೇ ಹಾಡು. ಪ್ರತಿ ಸಲ ದ್ವೀಪ ಬೇರೆ.

ಜಪಾನಿನ ‘ವಿಬ್-ರಿಬ್ಬನ್’ (1999) ಒಮ್ಮೆ ಶುರುವಾದರೆ ಗೇಮಿನ ಡಿಸ್ಕ್ ಹೊರತೆಗೆದು ನಿಮ್ಮದೇ ಹಾಡಿನ ಸಿ.ಡಿ. ಹಾಕಬಹುದಿತ್ತು, ಮೊಲವೊಂದು ಓಡುವ ಗೆರೆಯನ್ನು ಆ ಹಾಡೇ ಬರೆಯುತ್ತಿತ್ತು. ಭಾವಗೀತೆಯ ಸಿ.ಡಿ. ಹಾಕಿದ್ದರೆ ಆ ಜಪಾನೀ ಮೊಲ ನಮ್ಮ ಗಾಯಕ ಅಶ್ವತ್ಥರ ದನಿಗೂ ಕುಣಿಯುತ್ತಿತ್ತು.

‘ಮೈನ್‌ಕ್ರಾಫ್ಟ್’ ಗೇಮಿನ ಸಂಗೀತದ ಆಲ್ಬಂ ‘ವಾಲ್ಯೂಮ್ ಆಲ್ಫಾ’ 2025ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂರಕ್ಷಣಾ ಪಟ್ಟಿ ಸೇರಿತು. ಜರ್ಮನಿಯ ಸಿ418 ಹೆಸರಿನ ಕಲಾವಿದನ ರಚನೆ.

ಕರ್ನಾಟಕ ಈ ಲೋಕಕ್ಕೆ ಹೊಸತಲ್ಲ. ಭಾರತದ ಮೊದಲ ಗೇಮ್ ತಯಾರಕರಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಅಮೆರಿಕನ್ ಸಾಹಸದ ಗೇಮ್ ನಡೆಯುವುದು ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಪಾಳುನಗರಗಳ ನಡುವೆ. ಹಳೇಬೀಡಿನ ಹೆಸರು ಅದರಲ್ಲಿದೆ.

ಇನ್ನು ನಮ್ಮ ಬಗಲಿನ ಸಂಗತಿ. ಕಂಟೋನ್ಮೆಂಟಿನಿಂದ ಸುಮಾರು 60 ಕಿ.ಮೀ. ದೂರದ ಹಂಪಿಯ ವಿಜಯವಿಠ್ಠಲ ಗುಡಿಯ ‘ಸರಿಗಮ’ ಕಂಬಗಳು ಕೈಯಿಂದ ತಟ್ಟಿ ನುಡಿಸುತ್ತಿದ್ದ ಕಲ್ಲಿನ ವಾದ್ಯಗಳು. ಒಳಗೆ ಟೊಳ್ಳು ಇರುವುದರಿಂದ ಸ್ವರ ಬರುತ್ತದೆ ಎಂದು ಹಲವರು ನಂಬಿದ್ದರು. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ್ದು ಬೇರೆ: ಕಂಬಗಳು ಗಟ್ಟಿ ಕಲ್ಲು, ತಟ್ಟಿದಾಗ ಕಣ್ಣಿಗೆ ಕಾಣದಷ್ಟು ಬಾಗಿ ಕಂಪಿಸುವುದೇ ನಾದದ ಮೂಲ. ತಟ್ಟಿ ತಟ್ಟಿ ಕಂಬಗಳು ಸವೆದವು, ಈಗ ಮುಟ್ಟುವಂತಿಲ್ಲ. ಅದು ಸರಿಯಾದ ನಿರ್ಬಂಧ. ಆದರೆ ನಮ್ಮ ಮಕ್ಕಳು ಆ ನಾದವನ್ನು ಬೆರಳ ತುದಿಯಲ್ಲಿ ಅರಿಯುವುದು ಹೇಗೆ?

ಅಲ್ಲೇ ಹತ್ತಿರದಲ್ಲಿ, ತುಂಗಭದ್ರೆಯ ದಡದಲ್ಲಿ, ಪುರಂದರ ಮಂಟಪವಿದೆ. ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟಿ, ಅಲಂಕಾರ, ಆಮೇಲೆ ಗೀತೆ ಎಂದು ಕರ್ನಾಟಕ ಸಂಗೀತದ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಕೊಟ್ಟವರು ಪುರಂದರದಾಸರು ಎಂಬುದು ಸಂಗೀತಗಾರರ ಪರಂಪರೆಯ ಮಾತು. ಒಂದು ಮೆಟ್ಟಿಲು ಕೈವಶವಾದ ಮೇಲೆ ಮುಂದಿನದು. ಗೇಮಿನ ಹಂತಗಳು ನಡೆಯುವುದೂ ಹೀಗೆಯೇ.

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕಂಪ್ಯೂಟರ್ ವಿದ್ಯಾರ್ಥಿಗಳೇ, ಮುಂದಿನ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇಂಥದೊಂದು ಗೇಮ್ ಕಟ್ಟಿ, ಊರಿನ ಸಂಗೀತದ ಮೇಷ್ಟ್ರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೊದಲ ಹಂತಕ್ಕೆ ಒಂದು ಸರಳೆ ವರಸೆ ಸಾಕು.