ನಮ್ಮ ಸೀಮೆಯನ್ನು ಓದುವ ವಿದ್ಯೆ

ಸೋದರಿಯರೇ, ಡಿಗ್ರಿ ಮುಗಿಸಿದ ಮಗಳು “ಅವ್ವಾ, ನಾ ಮುಂದ ಇತಿಹಾಸ, ಸಂಸ್ಕೃತಿ ಓದ್ತೀನಿ” ಅಂದರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಒಂದೇ. “ಸತ್ತ ರಾಜರ ಹೆಸರು ಬಾಯಿಪಾಠ ಮಾಡಿ ಏನ್ ಮಾಡ್ತಿ? ನೌಕರಿ ಬರೋದು ಓದು.” ಹೀಗೆ ಹೇಳುವ ಮುನ್ನ ಸ್ವಲ್ಪ ಯೋಚಿಸೋಣ.

ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸ್ಥಾಪನೆಯಾದದ್ದು 2009ರಲ್ಲಿ. ಜೋಳ, ತೊಗರಿ ಬೆಳೆಯುವ ಹೊಲಗಳ ನಡುವೆ ಇಂದು ದೂರದ ರಾಜ್ಯಗಳ ಮಕ್ಕಳೂ ಬಂದು ಕಲಿಯುತ್ತಾರೆ. ಇತಿಹಾಸ, ಕನ್ನಡ, ಜಾನಪದ, ಅರ್ಥಶಾಸ್ತ್ರ ಎಲ್ಲವೂ ಅಲ್ಲಿವೆ. ಒಂದು ಪ್ರದೇಶವನ್ನು ಸರಿಯಾಗಿ ತಿಳಿಯಲು ಇವೆಲ್ಲ ಕೂಡಿಯೇ ಬೇಕು. ಒಂದೇ ವಿಷಯದಿಂದ ಅದು ಆಗದು.

ಬೇಕಾದರೆ ನಿಮ್ಮ ತಟ್ಟೆಯನ್ನೇ ನೋಡಿ. ರೊಟ್ಟಿಯ ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು. ಚಟ್ನಿಯ ಮೆಣಸಿನಕಾಯಿ, ಹಿಂಡಿಯ ಶೇಂಗಾ ಅಮೆರಿಕ ಖಂಡದವು. ಮೆಣಸಿನಕಾಯಿಯನ್ನು ತಂದವರು ಪೋರ್ಚುಗೀಸರು. ಇನ್ನು ನಾವು ದಿನವೂ ಆಡುವ ದವಾಖಾನೆ, ಅರ್ಜಿ, ಕುರ್ಚಿ ಎಂಬ ಮಾತುಗಳು ಅರಬ್ಬಿ, ಪಾರಸಿಯಿಂದ ಬಂದವು. ಬೆಳೆಯ ಕಥೆ ಒಬ್ಬರು ಹೇಳಬೇಕು, ಮಾತಿನ ಕಥೆ ಇನ್ನೊಬ್ಬರು, ರಾಜ್ಯಗಳ ಕಥೆ ಮತ್ತೊಬ್ಬರು.

ಸುತ್ತಲ ಊರುಗಳೂ ಹಾಗೆಯೇ. ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಸಿಕ್ಕಿತು; ಅಲ್ಲಿನ ಕಲ್ಲಿನಲ್ಲಿ ಅಶೋಕನ ಮೂರ್ತಿಯ ಜೊತೆ ಅವನ ಹೆಸರೂ ಇದೆ. ಇಂದಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ್ದು ಅಮೋಘವರ್ಷನ ಆಸ್ಥಾನದಲ್ಲಿ. 1347ರಲ್ಲಿ ಕಲಬುರಗಿ ಬಹಮನಿ ರಾಜಧಾನಿಯಾಯಿತು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲೇ ದೊಡ್ಡ ವಿದ್ಯಾಲಯವಿತ್ತು. ಅದರ ಗ್ರಂಥಗಳನ್ನು ಕಾಯಲು ಆರು ಜನರಿದ್ದರೆಂದು 1058ರ ಶಾಸನ ಹೇಳುತ್ತದೆ. ಇಂಥ ಸೀಮೆಯನ್ನು ಹಿಂದುಳಿದದ್ದು ಅಂತ ನಾವೇ ಅನ್ನಬೇಕೇ?

ಒಂದು ಪ್ರದೇಶದ ಭಾಷೆ, ಚರಿತ್ರೆ, ಆಚಾರಗಳನ್ನು ಜೊತೆಗೂಡಿಸಿ ಕಲಿಸುವ ಪದ್ಧತಿ ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಹಳ ಬೆಳೆಯಿತು. ಷಿಕಾಗೋದಲ್ಲಿ ನಮ್ಮ ದಕ್ಷಿಣ ಏಷ್ಯಾದ ಬಗ್ಗೆ ಕಲಿಸಿದವರಲ್ಲಿ ಮೈಸೂರಿನ ಎ.ಕೆ. ರಾಮಾನುಜನ್ ಒಬ್ಬರು. ಅವರು 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ಅಷ್ಟೇ ಅಲ್ಲ, ಅಜ್ಜಿಯರು ಅಡುಗೆಮನೆಯಲ್ಲಿ ಮಕ್ಕಳಿಗೆ ಹೇಳುವಂಥ ಕನ್ನಡದ ಕಥೆಗಳನ್ನು ಕಲೆಹಾಕಿ ವಿದ್ವಾಂಸರ ಮುಂದಿಟ್ಟರು. ನಾವು “ಅದೇನು ದೊಡ್ಡದು” ಅನ್ನುವುದು ಅಲ್ಲಿ ಪಾಠವಾಯಿತು!

ಈ ಓದು ಮುಗಿದ ಕೂಡಲೇ ನೌಕರಿ ಕೈಗೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅಧ್ಯಾಪಕ ವೃತ್ತಿ, ವಸ್ತುಸಂಗ್ರಹಾಲಯ, ಪುರಾತತ್ವ, ಪ್ರವಾಸೋದ್ಯಮದಂಥ ದಾರಿಗಳಿವೆ. ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಇತಿಹಾಸದ ಪ್ರಶ್ನೆಗಳು ಇದ್ದೇ ಇರುತ್ತವೆ. 371(ಜೆ) ವಿಧಿಯಿಂದ ನಮ್ಮ ಭಾಗದವರಿಗೆ ರಾಜ್ಯದ ನೌಕರಿಗಳಲ್ಲಿ ಮೀಸಲಾತಿಯೂ ಉಂಟು. ಕೇಂದ್ರೀಯ ವಿಶ್ವವಿದ್ಯಾಲಯದ ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಬೇಕಾಗುತ್ತದೆ. ಅರ್ಜಿಯ ಕೊನೆಯ ದಿನ, ಹಾಸ್ಟೆಲ್, ವಿದ್ಯಾರ್ಥಿವೇತನ, ಬಸ್ಸಿನ ಸೌಕರ್ಯ ಇವನ್ನು ಮೊದಲೇ ವಿಚಾರಿಸಿಡಿ. ಮಗಳು ದಿನಾಲೂ ಮನೆಯಿಂದ ಹೋಗಿ ಬರಬಹುದೇ ಎಂಬುದನ್ನೂ ನೋಡಿ.

ಓದಿಸುವ ಮಗಳು ಇಲ್ಲದವರಿಗೂ ಒಂದು ಕೆಲಸವಿದೆ. ಬೀಸುಕಲ್ಲು ಹೋಗಿ ಗಿರಣಿ ಬಂತು; ಅದರ ಜೊತೆಗೇ ಬೀಸುವ ಪದಗಳೂ ಹೋಗುತ್ತಿವೆ. ಮನೆಯಲ್ಲಿ ಅತ್ತೆಯವರಿಗೋ ಅಜ್ಜಿಗೋ ಒಂದೆರಡು ಪದ ನೆನಪಿದ್ದರೆ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹೇಳಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹಾಡಿದವರ ಹೆಸರು, ತವರೂರು, ತಾರೀಖು ಹಾಕಲು ಮರೆಯಬೇಡಿ. ಅವರು ಹಾಡಿದಂತೆಯೇ ಬರೆಯಿರಿ, ಒಂದು ಅಕ್ಷರವನ್ನೂ ತಿದ್ದಬೇಡಿ. ಮುಂದೆ ಓದುವ ಮಕ್ಕಳಿಗೆ ಅದು ಬೇಕಾಗುತ್ತದೆ.