ಹತ್ತರ ನಂತರ ವಿಜ್ಞಾನ: ನಾಲ್ಕನೆಯ ವಿಷಯ ಯಾವುದು?



ಎಸ್.ಎಸ್.ಎಲ್.ಸಿ. ಫಲಿತಾಂಶ ಬರುತ್ತಿದ್ದಂತೆ ಪದವಿಪೂರ್ವ ಕಾಲೇಜಿನ ಅರ್ಜಿ ನಿಮ್ಮ ಕೈಗೆ ಬರುತ್ತದೆ. ಹೆಸರು, ವಿಳಾಸ, ಅಂಕಗಳನ್ನು ತುಂಬುವುದು ಸುಲಭ. 'ಐಚ್ಛಿಕ ವಿಷಯಗಳು' ಎಂಬ ಸಾಲಿಗೆ ಬಂದಾಗ ಪೆನ್ನು ತಡೆಯುತ್ತದೆ. ತಂದೆ ಒಂದು ಹೇಳುತ್ತಾರೆ, ಸೋದರಮಾವ ಇನ್ನೊಂದು ಹೇಳುತ್ತಾರೆ, ಜೊತೆಗೆ ಓದಿದ ಗೆಳತಿ ಆಗಲೇ ಬೇರೆ ಏನನ್ನೋ ಬರೆದು ಮುಗಿಸಿರುತ್ತಾಳೆ. ಆ ಒಂದು ಸಾಲಿನಿಂದ ಮುಂದೆ ಕೆಲವು ಬಾಗಿಲುಗಳು ತೆರೆಯುತ್ತವೆ, ಕೆಲವು ಮುಚ್ಚುತ್ತವೆ. ಯಾವುದು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ಅರ್ಜಿ ತುಂಬುವ ಮೊದಲೇ ತಿಳಿದುಕೊಳ್ಳೋಣ.

ಒಂದು ಪುಸ್ತಕ ಮೂರಾಗುವ ಬಗೆ

ಹತ್ತನೆಯ ತರಗತಿಯಲ್ಲಿ ವಿಜ್ಞಾನ ಒಂದೇ ವಿಷಯ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಒಂದೇ ಪ್ರಶ್ನೆಪತ್ರಿಕೆಯಲ್ಲಿ ಬೆರೆತಿರುತ್ತವೆ. ಆದ್ದರಿಂದ 'ವಿಜ್ಞಾನದಲ್ಲಿ ತೊಂಬತ್ತು ಅಂಕ' ಎಂದರೆ ನಿಮ್ಮ ಒಲವು ಎತ್ತ ಎಂಬುದು ಗೊತ್ತಾಗುವುದಿಲ್ಲ. ಶಾಲೆಯ ಕಿರುಪರೀಕ್ಷೆಗಳ ಉತ್ತರಪತ್ರಿಕೆಗಳು ಮನೆಯಲ್ಲಿದ್ದರೆ ತೆಗೆದು ನೋಡಿ. ಅಂಕಗಳು ವಿದ್ಯುತ್ತು, ಬೆಳಕಿನ ಪ್ರಶ್ನೆಗಳಿಂದ ಬಂದವೇ, ಸಮೀಕರಣಗಳನ್ನು ಸರಿದೂಗಿಸಿದ್ದರಿಂದ ಬಂದವೇ, ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದರಿಂದ ಬಂದವೇ? ಈ ಲೆಕ್ಕ ಒಟ್ಟು ಅಂಕಕ್ಕಿಂತ ಹೆಚ್ಚು ಹೇಳುತ್ತದೆ.

ಪಿ.ಯು.ಸಿ.ಯಲ್ಲಿ ಎರಡು ಭಾಷೆಗಳು ಮತ್ತು ನಾಲ್ಕು ಐಚ್ಛಿಕ ವಿಷಯಗಳಿರುತ್ತವೆ. ವಿಜ್ಞಾನ ವಿಭಾಗದ ಹೆಚ್ಚಿನ ಸಂಯೋಜನೆಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರು ಸಾಮಾನ್ಯ. ನಾಲ್ಕನೆಯದು ಜೀವಶಾಸ್ತ್ರವಾದರೆ ಪಿಸಿಎಂಬಿ, ಗಣಕವಿಜ್ಞಾನವಾದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ, ಸಂಖ್ಯಾಶಾಸ್ತ್ರವಾದರೆ ಪಿಸಿಎಂಎಸ್. ಎಲ್ಲ ಕಾಲೇಜುಗಳಲ್ಲೂ ಎಲ್ಲವೂ ದೊರೆಯುವುದಿಲ್ಲ.

ಯಾವ ಬಾಗಿಲಿಗೆ ಯಾವ ಕೀಲಿ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡೋಣ. ಕಂಪ್ಯೂಟರ್ ಎಂಜಿನಿಯರಿಂಗ್ ಓದಬೇಕಾದರೆ ಪಿ.ಯು.ಸಿ.ಯಲ್ಲಿ ಗಣಕವಿಜ್ಞಾನ ಇರಲೇಬೇಕೆಂದು ಅನೇಕ ಪೋಷಕರು ನಂಬಿದ್ದಾರೆ. ಅದು ನಿಜವಲ್ಲ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕನ್ನು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿಂದ ನಿರ್ಧರಿಸಲಾಗುತ್ತದೆ. ದ್ವಿತೀಯ ಪಿ.ಯು.ಸಿ.ಯಲ್ಲಿ ಈ ಮೂರರ ಅಂಕಗಳಿಗೆ ಅರ್ಧ ತೂಕ, ಸಾಮಾನ್ಯ ಪ್ರವೇಶ ಪರೀಕ್ಷೆಯ ಅಂಕಗಳಿಗೆ ಇನ್ನರ್ಧ ತೂಕ. ನಾಲ್ಕನೆಯ ವಿಷಯ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಜೀವಶಾಸ್ತ್ರ ಓದಿದವರೂ ಕಂಪ್ಯೂಟರ್ ಎಂಜಿನಿಯರ್ ಆಗಬಹುದು.

ಆದರೆ ಇದರ ವಿರುದ್ಧ ದಿಕ್ಕಿನ ದಾರಿ ಅಷ್ಟು ಸಲೀಸಲ್ಲ. ವೈದ್ಯಕೀಯ ಪ್ರವೇಶಕ್ಕೆ ನೀಟ್ ಪರೀಕ್ಷೆ ಬರೆಯಬೇಕು. 2025ರ ನೀಟ್‌ನಲ್ಲಿ 180 ಪ್ರಶ್ನೆಗಳಿದ್ದವು. ಅವುಗಳಲ್ಲಿ 90 ಜೀವಶಾಸ್ತ್ರದವು, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ತಲಾ 45. ಗಣಿತಕ್ಕೆ ಒಂದು ಪ್ರಶ್ನೆಯೂ ಇರಲಿಲ್ಲ. ಗಣಕವಿಜ್ಞಾನ ಆರಿಸಿಕೊಂಡು ಎರಡು ವರ್ಷ ಕಳೆದ ಮೇಲೆ 'ನಾನು ವೈದ್ಯೆಯಾಗಬೇಕು' ಎಂದು ಮನಸ್ಸು ಬದಲಾದರೆ? 2023ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಹನ್ನೆರಡನೆಯ ತರಗತಿಯ ಬಳಿಕ ಜೀವಶಾಸ್ತ್ರವನ್ನು ಮಾನ್ಯ ಮಂಡಳಿಯೊಂದರಿಂದ ಹೆಚ್ಚುವರಿ ವಿಷಯವಾಗಿ ಓದಿ ತೇರ್ಗಡೆಯಾದವರಿಗೂ ನೀಟ್ ಬರೆಯಲು ಅವಕಾಶ ಕೊಟ್ಟಿತು. ಅಂದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಅದನ್ನು ತಟ್ಟಲು ಹೆಚ್ಚಿನ ಕಾಲ, ಹೆಚ್ಚಿನ ಹಣ ಬೇಕು.

ಕೃಷಿ ಮತ್ತು ಪಶುವೈದ್ಯ ಪದವಿಗಳಿಗೂ ಜೀವಶಾಸ್ತ್ರ ಬೇಕು. ಬಿ.ಫಾರ್ಮಾಗೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಗಣಿತ ಅಥವಾ ಜೀವಶಾಸ್ತ್ರ ಇದ್ದರೆ ಸಾಕು. ವಾಸ್ತುಶಿಲ್ಪ ಪದವಿಗೆ ಗಣಿತ ಮತ್ತು ಭೌತಶಾಸ್ತ್ರ ಅಗತ್ಯ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿರುವ ಗಣಿತದ ಆನರ್ಸ್ ಪದವಿಗೆ ಗಣಿತವೇ ಕೀಲಿ. ಸಂಶೋಧನೆಯತ್ತ ಮನಸ್ಸಿರುವವರಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ವಿಜ್ಞಾನ ಪದವಿಯಿದೆ. ಐಸರ್ ಸಂಸ್ಥೆಗಳ ಪ್ರವೇಶ ಪರೀಕ್ಷೆಯ 60 ಪ್ರಶ್ನೆಗಳಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳಿಗೆ ತಲಾ 15 ಪ್ರಶ್ನೆಗಳಿರುತ್ತವೆ. ಇಲ್ಲಿ ನಾಲ್ಕನ್ನೂ ಓದಿದವರಿಗೆ ಅನುಕೂಲ ಹೆಚ್ಚು.

ಹಾಗಾದರೆ ಎಲ್ಲರೂ ಪಿಸಿಎಂಬಿ ತೆಗೆದುಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ನಿರ್ಧಾರ ಇನ್ನೂ ಗಟ್ಟಿಯಾಗದವರಿಗೆ ಅದು ಸುರಕ್ಷಿತವೇ ಸರಿ. ಆದರೆ ಅದರ ಬೆಲೆಯೂ ತಿಳಿದಿರಲಿ. ಜೀವಶಾಸ್ತ್ರದಲ್ಲಿ ಓದಿ ನೆನಪಿಡಬೇಕಾದುದು ಬಹಳ; ಗಣಿತದಲ್ಲಿ ಪ್ರತಿದಿನ ಕುಳಿತು ಲೆಕ್ಕ ಮಾಡಬೇಕು. ಒಂದಕ್ಕೆ ಕೊಟ್ಟ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ. ಪ್ರಥಮ ಪಿ.ಯು.ಸಿ. ಮುಗಿಯುವ ಹೊತ್ತಿಗಾದರೂ ಯಾವ ಕಡೆಗೆ ಹೆಚ್ಚು ಒತ್ತು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಆಸಕ್ತಿಯನ್ನು ಅಳೆಯುವ ಒಂದು ಕಲ್ಲು

'ನನಗೆ ವಿಜ್ಞಾನ ಇಷ್ಟವೇ?' ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೊಡ್ಡ ಪರೀಕ್ಷೆ ಬೇಡ. ಬಾವಿಯೊಳಕ್ಕೆ ಒಂದು ಕಲ್ಲನ್ನು ಬಿಟ್ಟಿರೆಂದು ಭಾವಿಸಿ. ಅದರ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರ್‌ನಷ್ಟು ಹೆಚ್ಚುತ್ತದೆ. ಒಂದು ಸೆಕೆಂಡಿನ ಕೊನೆಗೆ ವೇಗ ಸೆಕೆಂಡಿಗೆ 9.8 ಮೀಟರ್. ಆದರೂ ಆ ಮೊದಲ ಸೆಕೆಂಡಿನಲ್ಲಿ ಕಲ್ಲು ಬಿದ್ದ ದೂರ 4.9 ಮೀಟರ್ ಮಾತ್ರ. ಏಕೆ? ಕಲ್ಲು ಹೊರಟಾಗ ವೇಗ ಸೊನ್ನೆ, ಕೊನೆಯಲ್ಲಿ 9.8; ವೇಗ ಒಂದೇ ಸಮನೆ ಏರಿದ್ದರಿಂದ ಸರಾಸರಿ 4.9. ಎರಡು ಸೆಕೆಂಡಿಗೆ ಒಟ್ಟು ದೂರ 19.6 ಮೀಟರ್. ಅಂದರೆ ಎರಡನೆಯ ಸೆಕೆಂಡೊಂದರಲ್ಲೇ 14.7 ಮೀಟರ್, ಮೊದಲನೆಯದರ ಸರಿಯಾಗಿ ಮೂರು ಪಟ್ಟು. ಮೂರನೆಯ ಸೆಕೆಂಡಿನಲ್ಲಿ ಎಷ್ಟು ಪಟ್ಟು? ಕಾಗದ ತೆಗೆದುಕೊಂಡು ನೀವೇ ಲೆಕ್ಕ ಹಾಕಿ.

ಐದು ಪಟ್ಟು ಎಂದು ಬಂದಾಗ 'ಒಂದು, ಮೂರು, ಐದು... ಮುಂದೆ ಏಳೇ ಇರಬೇಕು' ಎಂದು ನಿಮಗೆ ಕುತೂಹಲ ಹುಟ್ಟಿದರೆ ಭೌತಶಾಸ್ತ್ರ ನಿಮ್ಮನ್ನು ಕೈಬಿಡುವುದಿಲ್ಲ. 'ಇದು ಪರೀಕ್ಷೆಗೆ ಬರುತ್ತದೆಯೇ?' ಎಂಬುದೊಂದೇ ಪ್ರಶ್ನೆ ಹುಟ್ಟಿದರೆ ಇನ್ನೊಮ್ಮೆ ಯೋಚಿಸಿ. ವಿಜ್ಞಾನ ಬೇಡ ಎಂದು ಇದರ ಅರ್ಥವಲ್ಲ. ಬರಿಯ ಅಂಕದ ಬಲದಿಂದ ಎರಡು ವರ್ಷ ಸಾಗುವುದು ಕಷ್ಟ ಎಂದಷ್ಟೇ ಅರ್ಥ.

ಮೊದಲ ಆರು ತಿಂಗಳು

ಹತ್ತರಲ್ಲಿ ಚೆನ್ನಾಗಿ ಓದಿದ ಮಕ್ಕಳೂ ಪ್ರಥಮ ಪಿ.ಯು.ಸಿ.ಯ ಮೊದಲ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದು ಧೈರ್ಯಗೆಡುವುದುಂಟು. ಇದಕ್ಕೆ ಪಠ್ಯದಲ್ಲೇ ಒಂದು ಕಾರಣವಿದೆ. ಭೌತಶಾಸ್ತ್ರದಲ್ಲಿ ಸರಳರೇಖೆಯ ಚಲನೆಯ ಪಾಠ ಆರಂಭದಲ್ಲೇ ಬರುತ್ತದೆ. ಆ ಪಾಠಕ್ಕೆ ಕಲನಶಾಸ್ತ್ರದ ಪರಿಚಯ ಬೇಕು. ಗಣಿತದ ಪುಸ್ತಕದಲ್ಲಾದರೋ ಮಿತಿ ಮತ್ತು ನಿಷ್ಪನ್ನಗಳ ಪಾಠ ಕೊನೆಯ ಭಾಗದಲ್ಲಿದೆ. ಹೀಗಾಗಿ ಉಪಕರಣ ಕೈಗೆ ಬರುವ ಮೊದಲೇ ಕೆಲಸ ಶುರುವಾಗಿರುತ್ತದೆ. ಇದು ನಿಮ್ಮ ದಡ್ಡತನವಲ್ಲ. ರಜೆಯಲ್ಲಿ ತ್ರಿಕೋನಮಿತಿ, ಬೀಜಗಣಿತಗಳನ್ನು ಮತ್ತೊಮ್ಮೆ ತಿರುವಿ, ಕಲನಶಾಸ್ತ್ರದ ಮೊದಲ ಹತ್ತು ಪುಟಗಳನ್ನು ಓದಿಕೊಂಡರೆ ಈ ತೊಡಕು ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಹೊರೆ. ವಿಜ್ಞಾನ ವಿಭಾಗದ ಪಾಠಗಳು ಹೆಚ್ಚಿನೆಡೆ ಇಂಗ್ಲಿಷಿನಲ್ಲಿ ನಡೆಯುತ್ತವೆ. ನಿಮಗೆ ಚೆನ್ನಾಗಿ ಗೊತ್ತಿರುವ ದ್ಯುತಿಸಂಶ್ಲೇಷಣೆ ಅಲ್ಲಿ 'ಫೋಟೋಸಿಂಥಸಿಸ್' ಆಗುತ್ತದೆ, ವೇಗೋತ್ಕರ್ಷ 'ಆಕ್ಸಿಲರೇಶನ್' ಆಗುತ್ತದೆ. ವಿಷಯ ಹೊಸದಲ್ಲ, ಹೆಸರು ಮಾತ್ರ ಹೊಸದು. ಒಂದು ನೋಟುಪುಸ್ತಕದಲ್ಲಿ ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯುತ್ತ ಹೋಗಿ. ದಿನಕ್ಕೆ ಹತ್ತು ಪದಗಳಾದರೆ ಎರಡು ತಿಂಗಳಿಗೆ ಆರುನೂರು. ನೀಟ್ ಪರೀಕ್ಷೆಯನ್ನೂ, 2021ರಿಂದ ಜೆಇಇ ಮೇನ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಲು ಅವಕಾಶವಿದೆ ಎಂಬುದೂ ತಿಳಿದಿರಲಿ. ಭಾಷೆಯೊಂದಕ್ಕೇ ಹೆದರಿ ವಿಜ್ಞಾನವನ್ನು ಬಿಡಬೇಡಿ.

ಕಾಲೇಜು ಸೇರುವಾಗ ಬರಿಯ ಫಲಿತಾಂಶದ ಫಲಕ ನೋಡಿ ಬರಬೇಡಿ. ಗಣಿತಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳೇ ಪ್ರಯೋಗ ಮಾಡುತ್ತಾರೆಯೇ, ತರಬೇತಿಯ ಹೆಸರಿನಲ್ಲಿ ಪಡೆಯುವ ಶುಲ್ಕ ಎಷ್ಟು ಎಂದು ಸಂಕೋಚವಿಲ್ಲದೆ ಕೇಳಿ. ಮನೆಯ ಶಕ್ತಿಗೆ ಮೀರಿದ ಸಾಲ ಮಾಡಿ ಸೇರುವುದಕ್ಕಿಂತ, ಒಳ್ಳೆಯ ಉಪನ್ಯಾಸಕರಿರುವ ಹತ್ತಿರದ ಸರ್ಕಾರಿ ಕಾಲೇಜು ಮೇಲು.

ದಾರಿಗಳು ಕೂಡುವುದೂ ಉಂಟು

ಈ ಆಯ್ಕೆ ಮುಖ್ಯವೇ ಹೊರತು ಅಂತಿಮವಲ್ಲ. ವೆಂಕಿ ರಾಮಕೃಷ್ಣನ್ ಬರೋಡಾದಲ್ಲಿ ಬಿ.ಎಸ್ಸಿ. ಓದಿದ್ದು ಭೌತಶಾಸ್ತ್ರ, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದದ್ದೂ ಅದರಲ್ಲೇ. ಆಮೇಲೆ ಅವರು ಜೀವಶಾಸ್ತ್ರದತ್ತ ಹೊರಳಿದರು. ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮಿನ ರಚನೆಯ ಅಧ್ಯಯನಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂದದ್ದು ರಸಾಯನಶಾಸ್ತ್ರದಲ್ಲಿ! ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಇಬ್ಬರಿಗೂ ಒಂದು ವಿಷಯದಲ್ಲಿ ಬಿದ್ದ ಗಟ್ಟಿ ಅಡಿಪಾಯ ಇನ್ನೊಂದರಲ್ಲಿ ಕೆಲಸಕ್ಕೆ ಬಂತು.

ಪಿ.ಯು.ಸಿ. ಒಂದೇ ದಾರಿಯೂ ಅಲ್ಲ. ಕೈಕೆಲಸದಲ್ಲಿ ಒಲವಿರುವವರು ಹತ್ತರ ನಂತರ ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಪಡೆಯಬಹುದು. ಬಳಿಕ ಡಿಸಿಇಟಿ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು. ವಾಣಿಜ್ಯ, ಕಲಾ ವಿಭಾಗಗಳನ್ನು ಆರಿಸಿಕೊಂಡವರು ಕಡಿಮೆಯವರೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಅರ್ಜಿ ತುಂಬುವ ಮುನ್ನ ಒಂದು ಸಂಜೆ ಮನೆಯವರೊಡನೆ ಕುಳಿತು ಮೂರು ಮಾತು ಬರೆದಿಡಿ: ನನಗೆ ಯಾವ ಪಾಠ ಓದುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ? ನಾನು ಆರಿಸುವ ವಿಷಯದಿಂದ ಯಾವ ಬಾಗಿಲು ಮುಚ್ಚುತ್ತದೆ? ಅದು ಮುಚ್ಚಿದರೆ ನನಗೆ ಬೇಸರವಾಗುತ್ತದೆಯೇ? ಮೂರಕ್ಕೂ ಉತ್ತರ ನಿಮ್ಮದೇ ಆಗಿರಲಿ. ಹಿರಿಯರು ಅನುಭವ ಹೇಳಲಿ, ನೀವು ಗಮನವಿಟ್ಟು ಕೇಳಿ. ಆದರೆ ಎರಡು ವರ್ಷ ಬೆಳಗಿನ ಜಾವ ಎದ್ದು ಓದಬೇಕಾದವರು ನೀವು. ಆ ಸಾಲನ್ನು ನಿಮ್ಮ ಕೈಯಿಂದಲೇ ಬರೆಯಿರಿ.